ಬಾರಿಸದೆ ಉಳಿದ ಅರವತ್ತೈದು ಪೆಟ್ಟು

ನಾನು ಒಂದು ಗಂಟೆ. ತಾಮ್ರ, ತವರ ಕರಗಿಸಿ ಮಣ್ಣಿನ ಅಚ್ಚಿಗೆ ಸುರಿದಾಗ ಹುಟ್ಟಿದವಳು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಅರ್ಕಾವತಿ ದಡದ ಈ ರೇಷ್ಮೆಯ ಊರಿಗೆ ನನ್ನನ್ನು ತಂದರು. ಕ್ರೈಸ್ತ ದೇವಾಲಯದ ಗೋಪುರಕ್ಕೆ ಏರಿಸುವ ಮೊದಲು ಮೇತ್ರಾಣಿಗಳು, ಅಂದರೆ ಬಿಷಪ್ಪರು, ತೀರ್ಥದಿಂದ ತೊಳೆದು, ಎಣ್ಣೆ ಹಚ್ಚಿ, ‘ಮರಿಯಾ’ ಎಂದು ಹೆಸರಿಟ್ಟರು. ಹೀಗೆ ಬಿದ್ದ ಹೆಸರು ತೊಳೆದರೂ ಹೋಗುವುದಿಲ್ಲವೆಂದು ಯಾರೋ ಅಂದದ್ದು ನೆನಪಿದೆ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನ ದುಃಖವೆಲ್ಲ ಒಂದು ಹೆಸರಿನದು.

ಪೂಜೆಗೆ ಕರೆಯುವಾಗ ನಾನು ಒಂದೇ ಸಮನೆ ಹಾಡುತ್ತೇನೆ. ದೊಡ್ಡವರು ತೀರಿಕೊಂಡರೆ ಬಿಟ್ಟು ಬಿಟ್ಟು, ಅವರಿಗೆ ಎಷ್ಟು ವಯಸ್ಸೋ ಅಷ್ಟು ಪೆಟ್ಟು. ಹಸುಗೂಸು ಸತ್ತರೆ ಮಾತ್ರ ದುಃಖದ ಪೆಟ್ಟಿಲ್ಲ. ಅದು ನೇರ ಸ್ವರ್ಗಕ್ಕೆ ಹೋಗುತ್ತದೆಂದು ಹಬ್ಬದ ಗಂಟೆ ಬಾರಿಸುತ್ತಾರೆ. ಈ ಪದ್ಧತಿ ಸರಿಯೋ ತಪ್ಪೋ ಹೇಳಲು ನಾನು ಯಾರು?

ನನ್ನ ಹಗ್ಗ ಮೂವರನ್ನು ದಾಟಿ ಇನ್ನಾಸಪ್ಪನ ಕೈಗೆ ಬಂತು. ಒರಟು ಕೈ, ಆದರೆ ಎಳೆತ ಮೆತ್ತಗೆ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಆಗಸ್ಟಿನಲ್ಲಿ ರೋಮಿನ ಜಗದ್ಗುರು, ಪೋಪ್ ಆರನೆಯ ಪಾಲರು ತೀರಿಕೊಂಡಾಗ ಅವನು ಎಂಬತ್ತು ಪೆಟ್ಟು ತಪ್ಪದೆ ಹೊಡೆದ. ತಿಂಗಳ ಕೊನೆಗೆ ಹೊಸ ಜಗದ್ಗುರುಗಳು ಬಂದರು. ತಮಗಿಂತ ಹಿಂದಿನ ಇಬ್ಬರ ಹೆಸರನ್ನೂ ಸೇರಿಸಿ ಜಾನ್ ಪಾಲ್ ಎಂದು ಇಟ್ಟುಕೊಂಡವರು. ಪತ್ರಿಕೆಯಲ್ಲಿ ಬಂದ ಅವರ ನಗುಮುಖವನ್ನು ಇನ್ನಾಸಪ್ಪ ಕತ್ತರಿಸಿ ಗೋಪುರದ ಗೋಡೆಗೆ ಅಂಟಿಸಿದ.

ಅದೇ ವಾರ ಅವನ ಸೊಸೆ ಲೂರ್ದಮ್ಮ ಗಂಡು ಹೆತ್ತಳು. ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ವಾಡಿಕೆ. ಇನ್ನಾಸಪ್ಪ ಒಪ್ಪಲಿಲ್ಲ.

“ನಿನ್ನ ಹೆಸರಿಗೇನು ಹುಳ ಹಿಡ್ದಿತ್ತಾ?” ಎಂದಳು ಅವನ ಅಕ್ಕ.

“ಹಗ್ಗ ಎಳೆಯೋನ ಹೆಸರು ಹಗ್ಗಕ್ಕೇ ಸಾಕು ಕಣಕ್ಕ. ನನ್ ಮೊಮ್ಮಗ ಆ ನಗೋ ಹೆಸರಲ್ಲಿ ಬೆಳೀಲಿ.”

ಮಗು ಜಾನ್ ಪಾಲ್ ಆಯಿತು. ಹೆಸರಿಡುವ ಜ್ಞಾನಸ್ನಾನದ ದಿನ ನಾನು ಎಷ್ಟು ಕುಣಿದೆನೆಂದರೆ ಗೋಪುರದ ಪಾರಿವಾಳಗಳು ಸಂಜೆಯವರೆಗೆ ಮರಳಲಿಲ್ಲ.

ಆ ಜಗದ್ಗುರುಗಳು ಪೀಠದಲ್ಲಿ ಇದ್ದದ್ದು ಮೂವತ್ಮೂರೇ ದಿನ. ಸುದ್ದಿ ಟೀ ಅಂಗಡಿಯ ರೇಡಿಯೋದಲ್ಲಿ ಬಂತು. “ಹಳೇ ಸುದ್ದಿ ಬಿಡ್ರೋ, ಹೋದ ತಿಂಗ್ಳೇ ಸತ್ರಲ್ಲ” ಎಂದು ಯಾರೋ ನಕ್ಕರು. ಇನ್ನಾಸಪ್ಪ ನಗಲಿಲ್ಲ. ಮನೆಯಲ್ಲಿ ಮಗುವಿಗೆ ಎರಡು ದಿನದಿಂದ ಜ್ವರ.

ಅರವತ್ತೈದು ಪೆಟ್ಟು ಹೊಡೆಯಬೇಕಿತ್ತು. ಅವನು ಏಣಿ ಹತ್ತಿ ನನ್ನ ಬಳಿಗೇ ಬಂದ. ಹೆಗಲ ಮೇಲಿನ ಟವಲು ತೆಗೆದು ನನ್ನ ನಾಲಿಗೆಗೆ ಸುತ್ತಿ ಬಿಗಿದ.

“ಜಾನ್ ಪಾಲ್ ಹೋದ ಅಂತ ನಾನು ಸಾರಿದ್ರೆ ಸಾವು ಯಾವ ಜಾನ್ ಪಾಲ್ ಅಂತ ಕೇಳ್ತದಾ, ಮರಿಯಾ? ಹತ್ರ ಇರೋನ್ನ ಎತ್ಕೊಂಡು ಹೋಯ್ತದೆ” ಎಂದ.

ಕೇಳಿದವರಿಗೆ ನಾಲಿಗೆ ಕಳಚಿದೆ ಎಂದು ಹೇಳಿದ. ಭಾನುವಾರ ಬಂದ ಗುರುಗಳಿಗೂ ಅದನ್ನೇ ಹೇಳಿ, ತಗಡು ಬಡಿದು ಜನರನ್ನು ಪೂಜೆಗೆ ಕರೆದ. ಗಂಟು ಅಷ್ಟೇನೂ ಬಿಗಿಯಾಗಿರಲಿಲ್ಲ. ಗಾಳಿಗೆ ನಾನು ಒಂದಿಷ್ಟು ತೂಗಿದ್ದರೆ ಜಾರುತ್ತಿತ್ತೇನೋ. ತೂಗಲಿಲ್ಲ. ಆ ಮಗು ನನಗೂ ಬೇಕಾಗಿತ್ತು.

ಹನ್ನೆರಡನೆಯ ದಿನ ಮಗು ಹೋಯಿತು. ಇನ್ನಾಸಪ್ಪ ಏಣಿ ಹತ್ತಿ ಬಂದು ಟವಲು ಬಿಚ್ಚಿದ. ಅದರಿಂದಲೇ ಮುಖ ಒರೆಸಿಕೊಂಡ. ಕೆಳಗಿಳಿದು, ಪದ್ಧತಿಯಂತೆ ಹಬ್ಬದ ಗಂಟೆ ಬಾರಿಸಿದ. ಅಂದು ಅವನು ಎಳೆದ ಹಾಗೆ ಯಾವ ಹಬ್ಬದಲ್ಲೂ ಎಳೆದಿರಲಿಲ್ಲ. ಪುಟ್ಟ ಪೆಟ್ಟಿಗೆಯ ಹಿಂದೆ ಬರುತ್ತಿದ್ದ ಲೂರ್ದಮ್ಮ ತಲೆಯೆತ್ತಿ ನನ್ನನ್ನು ನೋಡಿದಳು.

ವಾರ ಕಳೆಯುವಷ್ಟರಲ್ಲಿ ಮತ್ತೊಬ್ಬ ಜಗದ್ಗುರುಗಳು ಆಯ್ಕೆಯಾದರು. ತೀರಿಕೊಂಡವರ ಹೆಸರನ್ನೇ ಇಟ್ಟುಕೊಂಡರು, ಎರಡನೆಯ ಜಾನ್ ಪಾಲ್ ಎಂದು. ಇನ್ನಾಸಪ್ಪ ಬಂದು ಹಗ್ಗ ಹಿಡಿದ.

“ಅವರು ಹೆದರ್ಲಿಲ್ಲ ನೋಡು, ಮರಿಯಾ” ಎಂದ.

ಆಮೇಲೆ ಅವನ ಎಳೆತ ಬದಲಾಯಿತು. ಪೆಟ್ಟು ಬಾಕಿ ಉಳಿಸಿಕೊಂಡದ್ದಕ್ಕೇ ಮಗು ಹೋಯಿತೆಂದು ಅವನು ನಂಬಿಬಿಟ್ಟಿದ್ದ. ಹದಿಮೂರು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ಕೈ ಸೋತು ಹಗ್ಗ ಬಿಡುವ ದಿನ, ಗೋಪುರದ ಬುಡದಲ್ಲಿ ಕುಳಿತು, ಊಟ ತಂದಿದ್ದ ಸೊಸೆಗೆ ಎಲ್ಲ ಹೇಳಿದ.

ಲೂರ್ದಮ್ಮ ಬುತ್ತಿಯ ಮುಚ್ಚಳ ತೆರೆಯುತ್ತ, “ಗಂಟೆ ಯಾರನ್ನೂ ಕೊಲ್ಲಲ್ಲ ಮಾವ. ಜ್ವರ ಕೊಲ್ತು” ಎಂದಳು. ಬುತ್ತಿಯನ್ನು ಅವನ ಮುಂದಿಟ್ಟು, “ಆದ್ರೆ ಅವತ್ತು ಹಬ್ಬದ ಗಂಟೆ ಹೊಡೆದ್ರಲ್ಲ, ಅದು ಮಾತ್ರ ನನ್ ಕಿವಿಯಿಂದ ಇನ್ನೂ ಇಳಿದಿಲ್ಲ” ಎಂದಳು.

ಎರಡು ಸಾವಿರದ ಐದರಲ್ಲಿ ಎರಡನೆಯ ಜಾನ್ ಪಾಲರು ತೀರಿಕೊಂಡರು. ಇನ್ನಾಸಪ್ಪ ಆಗ ಇರಲಿಲ್ಲ. ಲೂರ್ದಮ್ಮ ಬಂದು ಗುರುಗಳನ್ನು ಕೇಳಿ ಹಗ್ಗ ಹಿಡಿದಳು. ನನ್ನನ್ನು ಎಳೆದ ಮೊದಲ ಹೆಂಗಸಿನ ಕೈ ಅದು. ಎಂಬತ್ನಾಲ್ಕು ಪೆಟ್ಟು ಮುಗಿದರೂ ಅವಳು ನಿಲ್ಲಿಸಲಿಲ್ಲ.

“ಲೆಕ್ಕ ತಪ್ಪಿತೇನಮ್ಮ?” ಎಂದರು ಗುರುಗಳು.

“ಇಲ್ಲ ಸ್ವಾಮಿ. ಇದು ನಮ್ ಮಾವ ಬಿಟ್ಟೋದದ್ದು.”

ಮತ್ತೆ ಅರವತ್ತೈದು. ಮುಗಿದ ಮೇಲೂ ಅವಳು ಹಗ್ಗ ಬಿಡದೆ ನಿಂತಳು. ಇನ್ನೊಬ್ಬ ಜಾನ್ ಪಾಲ್ ಉಳಿದಿದ್ದ. ವರ್ಷ ತುಂಬದವನಿಗೆ ಎಷ್ಟು ಪೆಟ್ಟು? ಪದ್ಧತಿಯಲ್ಲಿ ಒಂದೂ ಇಲ್ಲ. ಅವಳು ಹಗ್ಗ ಬಿಟ್ಟು ಮನೆಗೆ ಹೋದಳು.

ಈಗ ನನ್ನ ಅಂಚು ಸೀಳಿದೆ. ಗೋಪುರದಲ್ಲಿ ಮೈಕು ಕೂಗುತ್ತದೆ. ನನ್ನನ್ನು ಇಳಿಸಿ ದೇವಾಲಯದ ಹಿಂದಿನ ಮೂಲೆಯಲ್ಲಿ ಎರಡು ಕಲ್ಲಿನ ಮೇಲೆ ಕೂರಿಸಿದ್ದಾರೆ. ನಾಲಿಗೆಯೂ ಇಲ್ಲ. ನಾನು ನೆನಪಿಟ್ಟುಕೊಂಡಿರುವುದೆಲ್ಲ ಸರಿಯೇ ಎಂದು ಕೆಲವೊಮ್ಮೆ ಅನುಮಾನವಾಗುತ್ತದೆ. ಆದರೆ ಇದೊಂದು ಖಂಡಿತ: ಭಾನುವಾರ ಪೂಜೆ ಮುಗಿದು ಜನ ಚದುರಿದ ಮೇಲೆ ಲೂರ್ದಮ್ಮ ಕೋಲೂರಿಕೊಂಡು ಬರುತ್ತಾಳೆ. ನನ್ನ ಪಕ್ಕ ಕೂರುತ್ತಾಳೆ. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಾಳೆ, ಒಂದೇ ಸಲ, ಮೆಲ್ಲಗೆ, ದೊಡ್ಡವರ ಸಾವಿಗೆ ಬಾರಿಸುವ ಹಾಗೆ. ಸೀಳಿದ ನನ್ನ ದನಿ ಅಂಗಳವನ್ನೂ ದಾಟುವುದಿಲ್ಲ. ಅದು ಪೂರ್ತಿ ಅಡಗುವ ತನಕ ನನ್ನ ಮೈಮೇಲೆ ಕೈ ಇಟ್ಟುಕೊಂಡು ಕೂತಿದ್ದು, ಆಮೇಲೆ ಎದ್ದು ಹೋಗುತ್ತಾಳೆ.