ಕಂಬ ಹತ್ತಿದವನೇ ಹೇಳಲಿ

ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬಂದಿರಲಿಲ್ಲ. ತಿಳವಳ್ಳಿ ಕಡೆಯ ಆ ಊರಿನಲ್ಲಿ ಗೋವಿನಜೋಳ ತುದಿಗೆ ಸೂಲಂಗಿ ಹೂ ಬಿಟ್ಟು ನಿಂತಿತ್ತು. ಮಳೆ ಕೈಕೊಟ್ಟಿತ್ತು. ಈ ಹೊತ್ತಿನಲ್ಲಿ ಒಂದು ನೀರು ಸಿಗದಿದ್ದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಶಂಕ್ರಪ್ಪ ಹೊಲಕ್ಕೂ ಪಂಪ್‌ಸೆಟ್ಟಿಗೂ ತಿರುಗಿ ಸಾಕಾಗಿ ನೀಲಾಳ ಮನೆಗೆ ಬಂದ.

ನೀಲಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಾನಗಲ್ಲಿನ ಒಂದು ಖಾನಾವಳಿಗೆ ರೊಟ್ಟಿ ಕೊಡುವುದು ಅವಳ ದುಡಿಮೆ. ಅವಳ ಗಂಡ ಫಕ್ಕೀರೇಶ ಲೈನ್‌ಮನ್ ಆಗಿದ್ದ. ಹೋದ ವರ್ಷ ಕಂಬದ ಮೇಲೆಯೇ ಸತ್ತ.

"ಬರ್ರಿ ಕಾಕಾ, ಕುಂದರ್ರಿ. ಚಾ ಇಡ್ಲೇನು?"

"ಚಾ ಕುಡದು ಏನ್ ಮಾಡ್ಲಿ? ಅಲ್ಲಿ ಬೆಳಿ ಬಾಯಿ ಬಿಡಾಕತ್ತೇತಿ. ನಿನ್ನಿಂದ ಒಂದು ಕೆಲಸ ಆಗಬೇಕಾಗೇತಿ, ಯವ್ವಾ. ಸಬ್‌ಸ್ಟೇಷನ್ನಿನ ಆಪರೇಟರ್ ಮಜೀದಗ ಒಂದು ಫೋನ್ ಹಚ್ಚು. ಲೈನ್‌ಮನ್ ಹುಲಗೇಶ ಕಂಬದಿಂದ ಇಳದಾನ, ಲೈನ್ ಹಾಕು ಅಂತ ಹೇಳು."

ನೀಲಾಳ ಕೈ ನಿಂತಿತು. "ನೀವ ಹೇಳ್ರಲ್ಲ."

"ಹೇಳ್ದೆ. ಆ ಮನಶ್ಯಾ ಕೇಳವಲ್ಲ. ಹುಲಗೇಶನ ಬಾಯಿಂದನ ಕೇಳಬೇಕು ಅಂತಾನ. ನಾ ಏನ್ ಸುಳ್ಳ ಹೇಳ್ತೇನಿ? ಕಣ್ಣಾರೆ ನೋಡೇನಿ. ಬೇವಿನ ಗಿಡದ ಬುಡಕ ಕುಂತು ಬುತ್ತಿ ಬಿಚ್ಯಾನ. ನೀ ಹೇಳಿದ್ರ ಮಜೀದ ಇಲ್ಲ ಅನ್ನಂಗಿಲ್ಲ. ನಿನ್ನ ಮಾತಿಗೆ ಅಲ್ಲಿ ಕಿಮ್ಮತ್ತೈತಿ."

ಆ ಕಿಮ್ಮತ್ತು ಯಾಕೆ ಬಂತು ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಕಡೆ ಇದೊಂದು ರೂಢಿ. ಕರೆಂಟು ಹೋದರೆ ಜನ ಆಪರೇಟರಿಗೇ ಹೆಸರು ಹಿಡಿದು ಫೋನ್ ಮಾಡುತ್ತಾರೆ. ಆರಾಮಿದ್ದೀರಾ ಎಂದು ಕೇಳುತ್ತಾರೆ. ಆಮೇಲೆ ಉಪಕಾರ ಮಾಡಿದಂತೆ ಒಂದು ಸುದ್ದಿ ಕೊಡುತ್ತಾರೆ: "ನಿಮ್ಮ ಲೈನ್‌ಮನ್ ಇಳದಾನ್ರಿ, ಹಾಕ್ರಿ." ಹೆಚ್ಚಿನ ಸಲ ಆ ಸುದ್ದಿ ನಿಜವೇ ಇರುತ್ತದೆ.

"ಕಾಕಾ," ಎಂದಳು ನೀಲಾ, "ನಮ್ಮ ಮನಿಯವರು ಕೆಲಸ ಮುಗಿಸಿದ ಕೂಡಲೇ ನನಗ ಫೋನ್ ಮಾಡ್ತಿದ್ರು. 'ಇಳದೇನಿ, ಅನ್ನಕ್ಕಿಡು.' ಅಷ್ಟ. ಹೆಂಡತಿ ಕೂಡ ಇನ್ನೊಂದು ಮಾತು ಆಡಿದ್ರ ನಿಮ್ಮ ಗಂಟೇನು ಹೋಕ್ಕೈತಿ ಅಂತ ಬೈತಿದ್ದೆ. ಈಗೂ ಅನ್ನಕ್ಕಿಡೂ ಮುಂದ ಕೈ ತಾನ ಫೋನಿನ ಕಡೆ ಹೋಕ್ಕೈತಿ. ಒಂದಿನ ತಡಿಲಾರದ ಆ ನಂಬರಿಗೆ ಹಚ್ಚಿದೆ. ಸವಣೂರಿನ ಯಾರೋ ಎತ್ತಿದ್ರು. ಅದು ಈಗ ಅವರ ನಂಬರಂತ."

ನೀಲಾ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ಅವತ್ತು ಅವರು ನೀರು ಕುಡಿಯಾಕ ಇಳದಿದ್ರು. ಯಾರೋ ನೋಡಿದ್ರು, ಫೋನ್ ಮಾಡಿದ್ರು. ಆಗಿದ್ದ ಆಪರೇಟರ್ ಪರಿಚಯದವರ ಮಾತು ಅಂತ ನಂಬಿ ಲೈನ್ ಹಾಕಿದ. ಅಷ್ಟರಾಗ ಇವರು ನೀರು ಕುಡದು ಮತ್ತ ಹತ್ತಿದ್ರು."

"ಯಾರು ಮಾಡಿದ್ರು ಫೋನು?"

"ಕೇಳಬ್ಯಾಡ್ರಿ. ಅವರೂ ನಿಮ್ಮಂಗ ನೀರಿಗೆ ಕಾಯ್ತಿದ್ರು."

ಶಂಕ್ರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆದರೂ ಅವನ ಕಣ್ಣಿನಲ್ಲಿ ಹೊಲವೇ ಇತ್ತು. "ಅದು ಬ್ಯಾರೆ, ಇದು ಬ್ಯಾರೆ, ಯವ್ವಾ. ಕೆಲಸ ಮುಗದಿದ್ದಕ್ಕನ ಅವ ಉಣ್ಣಾಕ ಕುಂತಾನ."

"ನಡ್ರಿ ಹಂಗಾರ, ನೋಡೂಣು. ಹೊಟ್ಟಿ ಹಸದು ಕುಂತಾನೋ, ಕೆಲಸ ಮುಗಿಸಿ ಕುಂತಾನೋ."

ಇಬ್ಬರೂ ಹೊಲದ ದಾರಿ ಹಿಡಿದರು. ದಾರಿಯುದ್ದಕ್ಕೂ ಕಂಬಗಳು. ಎಲ್ಲವನ್ನೂ ಫಕ್ಕೀರೇಶ ಹತ್ತಿದ್ದ. ನೀಲಾ ಒಂದನ್ನೂ ತಲೆಯೆತ್ತಿ ನೋಡಲಿಲ್ಲ.

ಬೇವಿನ ಗಿಡದ ಕೆಳಗೆ ಬುತ್ತಿ ಕಟ್ಟಿದ ಬಟ್ಟೆ ಇತ್ತು, ನೀರಿನ ಬಾಟಲಿ ಇತ್ತು. ಹುಲಗೇಶ ಇರಲಿಲ್ಲ.

ಅವನು ಗೋವಿನಜೋಳದ ಆಚೆಯ ಕಂಬದ ಮೇಲಿದ್ದ. ಸೊಂಟಕ್ಕೆ ಬೆಲ್ಟು. ಎರಡೂ ಕೈ ತಂತಿಯ ಮೇಲೆ.

ಶಂಕ್ರಪ್ಪ ಬದುವಿನ ಮೇಲೆ ಕೂತ. "ಇಳದಿದ್ದ, ಯವ್ವಾ. ನಾ ಖರೇನ ನೋಡಿದ್ದೆ."

"ಖರೇನ ನೋಡೀರಿ. ಮತ್ತ ಹತ್ತಿದ್ದು ನೋಡಲಿಲ್ಲ."

ಮಜೀದ ನಂಬಿದ್ದರೆ? ನೀಲಾ ಫೋನ್ ಹಚ್ಚಿದ್ದರೆ?

ಸ್ವಲ್ಪ ಹೊತ್ತಿಗೆ ಹುಲಗೇಶ ಇಳಿದ. ಆದರೆ ಕೂಡಲೇ ಫೋನ್ ತೆಗೆಯಲಿಲ್ಲ. ಮುಂದಿನ ಕಂಬದಲ್ಲಿದ್ದ ಜೊತೆಗಾರ ಭರಮಪ್ಪನನ್ನು ಕೂಗಿ ಕರೆದ. ಅವನು ಬಂದು ಪಕ್ಕದಲ್ಲಿ ನಿಲ್ಲುವವರೆಗೆ ಕಾದ. ತಪ್ಪಿ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗಲಿ ಎಂದು ತಂತಿಗೆ ಸಿಕ್ಕಿಸಿದ್ದ ಅರ್ಥ್ ರಾಡುಗಳನ್ನು ಇಬ್ಬರೂ ಸೇರಿ ತೆಗೆದರು. ಆಮೇಲೆ ಮಜೀದನಿಗೆ ಫೋನ್ ಹೋಯಿತು.

"ನಾನು ಹುಲಗೇಶ. ನಾನು, ಭರಮಪ್ಪ, ಇಬ್ಬರೂ ಕೆಳಗ ಅದೇವಿ. ಅರ್ಥ್ ರಾಡ್ ತಗದೇವಿ. ಇನ್ನ ಯಾರೂ ಹತ್ತಂಗಿಲ್ಲ."

ಮಜೀದ ಅಷ್ಟನ್ನೂ ತಿರುಗಿ ಹೇಳಿದ. ಹುಲಗೇಶ "ಬರೋಬರಿ" ಎಂದ. ಬೆಳಿಗ್ಗೆ ಲೈನ್ ಬಂದ್ ಮಾಡಿಸುವಾಗ ಆ ಕೆಲಸದ ಗುರುತಿಗೆ ಮಜೀದ ಕೊಟ್ಟಿದ್ದ ನಂಬರನ್ನೂ ಹೇಳಿದ.

"ಏನೋ ಇದು, ಲಗ್ನದ ಮಂತ್ರ ಹೇಳಿದಂಗ!" ಎಂದ ಶಂಕ್ರಪ್ಪ. ನಗಲು ನೋಡಿದ, ನಗು ಬರಲಿಲ್ಲ.

"ನಾವೂ ಮನಶ್ಯಾರ ಅಲ್ಲೇನ್ರಿ ಕಾಕಾ?" ಎಂದ ಹುಲಗೇಶ. "ನಾ ಮರತ್ರ ಮಜೀದವರು ನೆಪ್ಪು ಮಾಡ್ತಾರ, ಅವರು ಮರತ್ರ ನಾನು. ಅಲ್ಲಿ ಸ್ವಿಚ್ಚಿಗೆ ಕೀಲಿ ಹಾಕಿ 'ಮಂದಿ ಕೆಲಸದಾಗ ಅದಾರ' ಅಂತ ಬೋರ್ಡ್ ತೂಗುಹಾಕಿರ್ತಾರ. ಡ್ಯೂಟಿ ಬದಲಾದ್ರೂ ಬೋರ್ಡ್ ಬದಲಾಗಂಗಿಲ್ಲ."

ಕರೆಂಟು ಬಂತು. ಪಂಪ್‌ಸೆಟ್ಟು ಗುಂಯ್ ಎಂದಿತು. ನೀರು ಸಾಲು ಹಿಡಿದು ಓಡಿತು. ಶಂಕ್ರಪ್ಪ ಮಾತ್ರ ಕೂತಲ್ಲಿಂದ ಏಳಲಿಲ್ಲ. "ಇನ್ನ ಮ್ಯಾಲೆ ನನ್ನ ಬಾಯಾಗ 'ಇಳದಾನ, ಹಾಕು' ಅನ್ನೂ ಮಾತು ಬರಂಗಿಲ್ಲ, ನೀಲವ್ವಾ. ನಮ್ಮ ಮನಿಯಾಗ ಯಾರೂ ಅನ್ನಂಗಿಲ್ಲ. ಓಣ್ಯಾಗೂ ಹೇಳ್ತೇನಿ."

ಹುಲಗೇಶ ಇನ್ನೊಂದು ಫೋನ್ ಮಾಡಿದ. "ಅವ್ವಾ, ಇಳದೇನಿ."

ಅಷ್ಟೇ ಮಾತು. ನೀಲಾ ಬೆಳೆಯ ಕಡೆ ಮುಖ ಮಾಡಿ ಅದು ಮುಗಿಯುವವರೆಗೆ ನಿಂತಳು. ಆಮೇಲೆ ಅನ್ನಕ್ಕಿಡಲು ಮನೆಗೆ ಹೋದಳು.

ಓದುತ್ತಿರುವ ಅಣ್ಣ, ಅಕ್ಕ, ಕರೆಂಟು ತಡವಾದರೆ ಸಿಟ್ಟು ಬರುತ್ತದೆ, ಬರಲಿ. 1912ಕ್ಕೆ ಫೋನ್ ಮಾಡಿ ದೂರು ಕೊಡಿ. ಯಾವಾಗ ಬರುತ್ತದೆ ಎಂದು ಕೇಳಿ, ಜಗಳವನ್ನೂ ಮಾಡಿ. ಆದರೆ "ಇಳಿದಿದ್ದಾನೆ, ಹಾಕಿ" ಎಂದು ಮಾತ್ರ ಹೇಳಬೇಡಿ. ನೀವು ಕಂಡದ್ದು ನಿಜವಿದ್ದರೂ ಹೇಳಬೇಡಿ. ಆಪರೇಟರ್ ಅಣ್ಣಂದಿರೇ, ಎಷ್ಟೇ ಬೇಕಾದವರು ಹೇಳಿದರೂ ನಂಬಬೇಡಿ. ಲೈನ್‌ಮನ್ ಅಣ್ಣಂದಿರೇ, ಜೊತೆಗಾರರು ಪಕ್ಕಕ್ಕೆ ಬಂದು ನಿಲ್ಲುವವರೆಗೆ "ಮುಗಿಯಿತು" ಎನ್ನಬೇಡಿ.

ಯಾವುದೋ ಮನೆಯಲ್ಲಿ ಅನ್ನಕ್ಕಿಡಲು ಒಂದು ಫೋನಿಗೆ ಕಾಯುತ್ತಿದ್ದಾರೆ. ಆ ಫೋನನ್ನು ಅವನೇ ಮಾಡಲಿ.