ಎರಡು ಸಲ ಬಂದ ಒಂದೂ ನಲವತ್ತು

ಗಂಜಿಯ ಮೇಲೆ ಕೆನೆ ಕಟ್ಟುತ್ತಿದೆ, ಕೆಂಪು ಕಾಳಿನ ಗಂಜಿ, ವರ್ಷದ ಅತಿ ಚಿಕ್ಕ ಹಗಲು ಹತ್ತಿರ ಬಂತೆಂದು ಕ್ಯಾಂಟೀನಿನವರು ಇವತ್ತೇ ಬಡಿಸಿಬಿಟ್ಟಿದ್ದಾರೆ, ಬಟ್ಟಲು ಮೇಜಿಗೆ ತಂದುಕೊಂಡೆ, ತಿನ್ನಲಾಗಲಿಲ್ಲ, ಅಕ್ಕಿಯುಂಡೆಯೊಂದು ಅರ್ಧ ಮುಳುಗಿ ರಕ್ತವಿಲ್ಲದ ಉಗುರಿನ ಹಾಗೆ ಕಾಣುತ್ತದೆ — ನೋಡಬಾರದು, ಕಂಪ್ಯೂಟರ್ ನೋಡಬೇಕು, ಅಲ್ಲಿ ನನ್ನ ಪ್ರೋಗ್ರಾಮ್ ಒಂದೇ ಪ್ರಶ್ನೆ ಹಿಡಿದು ನಿಂತಿದೆ, ರಾತ್ರಿಯ ಈ ಒಂದೂ ನಲವತ್ತು ಮೊದಲನೆಯದೋ ಎರಡನೆಯದೋ. ಹಾಗೆ ಕೇಳು ಅಂತ ಬರೆದವಳು ನಾನೇ. ಹಳೆಯ ದಾಖಲೆಗಳನ್ನು ಊರೂರಿನ ಗಡಿಯಾರದಿಂದ ಬಿಡಿಸಿ ಇಡೀ ಲೋಕಕ್ಕೆ ಒಂದೇ ಆದ ಕಾಲಕ್ಕೆ ತಿರುಗಿಸು, ಗೊತ್ತಾಗದ ಕಡೆ ಊಹಿಸಬೇಡ, ನಿಂತು ಕೇಳು. ಸಾವಿರಾರು ಸಾಲು ಸರಾಗವಾಗಿ ದಾಟಿ ಬಂದು ಇಲ್ಲಿ ನಿಂತಿದೆ, ವ್ಯಾಂಕೂವರಿನ ಒಂದು ಮನೆ, ಕತ್ತಿನ ಬೆಲ್ ತಾಕ್ ಮಲ್‌ಸುನ್ ಅವರದು, ನಮ್ಮ ಪ್ಯೋ ಸರ್ ಅವರ ತಾಯಿ, ನಾಳೆ ಅವರು ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆ.

ಹೊರದೇಶದಲ್ಲಿರುವ ನಮ್ಮ ಹಿರಿಯರ ಕತ್ತಿಗೆ ನಮ್ಮ ಕಂಪನಿಯ ಬೆಲ್, ಬಿದ್ದರೆ ಕೆಂಪು ಗುಂಡಿ ಒತ್ತಬೇಕು, ಅಲ್ಲಿ ಜೊತೆಗಿರುವ ಮಗನದೋ ಮಗಳದೋ ಫೋನು ಕೂಗುತ್ತದೆ, ಒತ್ತಿದ ಗಳಿಗೆ ಇಲ್ಲಿ ಕೊರಿಯಾದ ಸೋಲ್‌ನಲ್ಲಿ ದಾಖಲಾಗುತ್ತದೆ, ಆದರೆ ಆ ಊರಿನ ಗಡಿಯಾರ ಏನು ತೋರಿಸಿತೋ ಅಷ್ಟೇ. ಮೊದಲ ಮೀಟಿಂಗಿನಲ್ಲೇ ನಾನು ಕೇಳಿದ್ದೆ, ಸರ್, ಅಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಹಾಕ್ತಾರೆ, ಅವತ್ತು ರಾತ್ರಿ ಎರಡಾಗೋ ಬದ್ಲು ಮತ್ತೆ ಒಂದಾಗುತ್ತೆ, ಒಂದೂ ನಲವತ್ತು ಎರಡು ಸಲ ಬರುತ್ತೆ, ಯಾವುದು ಯಾವುದು ಅಂತ ಹೇಗೆ ಹೇಳ್ತೀರಿ? ಪ್ಯೋ ಸರ್ ನಕ್ಕಿದ್ದರು, ವರ್ಷಕ್ಕೊಂದು ಗಂಟೆಗೆ ಇಷ್ಟೊಂದು ತಲೆ ಕೆಡಿಸ್ಕೋತೀಯಲ್ಲ ದಾಜಂಗ್, ನಮ್ಮಲ್ಲಿ ಗಡಿಯಾರ ತಿರುಗಿಸೋ ಕಾಟ ಸೋಲ್ ಒಲಿಂಪಿಕ್ಸ್ ವರ್ಷಕ್ಕೇ ಮುಗೀತು ಮಾರಾಯ್ತಿ, ಆಗ್ಲೂ ನಮ್ಮಮ್ಮ ಅಡುಗೆಮನೆ ಗಡಿಯಾರ ಮುಟ್ಟಲಿಲ್ಲ, ಸರ್ಕಾರ ಹೇಳ್ತು ಅಂತ ಅನ್ನ ಬೇಗ ಬೇಯುತ್ತಾ ಅಂದ್ಲು, ಬೇಸಿಗೆ ಪೂರ್ತಿ ತಡವಾಗಿ ಹೋಗಿ ಸ್ಕೂಲಲ್ಲಿ ಬೈಸ್ಕೊಂಡೆ. ಎಲ್ಲರೂ ನಕ್ಕೆವು, ನಾನೂ ನಕ್ಕೆ, ಮೀಟಿಂಗ್ ಮುಗಿಯಿತು. ಆ ಅಮ್ಮನೇ ವ್ಯಾಂಕೂವರಿನ ಮಗಳ ಮನೆಗೆ ಹೊರಡುವ ಮುಂಚೆ ಆಫೀಸಿಗೆ ಬಂದು ಈ ಬೆಲ್ ಒತ್ತಿ ನೋಡಿದ್ದು, ಬೆಳ್ಳುಳ್ಳಿ ಸುಲಿದು ಸುಲಿದು ಕಪ್ಪಾದ ಹೆಬ್ಬೆರಳು, ಸೀಳಿದ ಉಗುರು, ಎಷ್ಟು ಒತ್ತಿದ್ದರೆಂದರೆ ಉಗುರು ಬೆಳ್ಳಗಾಗಿತ್ತು. ಒಂದು ಸಲ ಒತ್ತಿದ್ರೆ ಸಾಕು ಅಮ್ಮಾ, ಬಂದುಬಿಡ್ತಾರೆ. ಅದೆಲ್ಲ ನನಗೆ ಗೊತ್ತಿಲ್ಲ ಕಣಮ್ಮ, ಯಾರಾದ್ರೂ ಬರೋವರೆಗೂ ನಾನು ಬೆರಳು ತೆಗೆಯೋಳಲ್ಲ.

ಗಡಿಯಾರ ಹಿಂದೆ ಹಾಕಿದ ಆ ರಾತ್ರಿ ಮಗಳು ಬೇಕರಿಯ ಪಾಳಿಯಲ್ಲಿದ್ದಳು, ಫೋನು ಬೀರುವಿನಲ್ಲಿತ್ತು. ಮನೆ ಬಾಗಿಲು ತೆರೆದಾಗ ಒಂದೂ ಐವತ್ತು, ಅದು ಎರಡನೆಯ ಸಲದ್ದು, ಅದರಲ್ಲಿ ಅನುಮಾನವಿಲ್ಲ, ಬೇಕರಿಯ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿಯೇ ಹೊರಟಿದ್ದಳು. ಬಚ್ಚಲಿನಲ್ಲಿ ಅಮ್ಮ, ಮೈ ಇನ್ನೂ ಬೆಚ್ಚಗಿತ್ತಂತೆ. ಬೆಲ್ ಒತ್ತಿದ್ದು ಒಂದೂ ನಲವತ್ತಕ್ಕೆ, ಹತ್ತು ನಿಮಿಷ, ಇಲ್ಲವೇ ಒಂದು ಗಂಟೆ ಹತ್ತು ನಿಮಿಷ. ಆ ಮಗಳು, ಸರ್ ಅವರ ತಂಗಿ, ಪೂಜೆಗೆಂದು ಬಂದಿದ್ದಾಳೆ, ಊಟ ಬಿಟ್ಟಿದ್ದಾಳೆ, ಅಣ್ಣನನ್ನು ಇದೊಂದೇ ಕೇಳುತ್ತಾಳೆ. ನನಗೆ ಗೊತ್ತಾಗಿಹೋಗಿದೆ, ಬೆಳಿಗ್ಗೆಯೇ, ಗೊತ್ತಾಗದಿದ್ದರೆ ಎಷ್ಟು ಚೆನ್ನಾಗಿತ್ತು, ಸಾಲುಗಳು ಬಂದ ಕ್ರಮದಲ್ಲೇ ಕೂತಿವೆಯಲ್ಲ, ಅಮ್ಮನ ಸಾಲು, ಅದರ ಕೆಳಗೆ ಅದೇ ಊರಿನ ಬೇರೊಂದು ಮನೆಯ ಒಂದೂ ಐವತ್ತೇಳು, ಅದರ ಕೆಳಗೆ ಇನ್ನೊಂದು ಮನೆಯ ಒಂದೂ ಮೂರು — ಗಡಿಯಾರ ಹಿಂದೆ ಸರಿದದ್ದು ಅಲ್ಲಿ, ಅಮ್ಮನ ಸಾಲು ಅದಕ್ಕಿಂತ ಮೇಲೆ. ಮೊದಲನೆಯದು. ಒಂದು ಗಂಟೆ ಹತ್ತು ನಿಮಿಷ. ತಣ್ಣನೆಯ ಟೈಲ್ಸ್, ಕತ್ತಿನಲ್ಲಿ ದಾರ, ಹೆಬ್ಬೆರಳು.

ಏನು ದಾಜಂಗ್, ಗಂಜಿ ತಣ್ಣಗಾಯ್ತಲ್ಲ, ಹಿಂದೆ ಪ್ಯೋ ಸರ್, ಅಂಗಿಯ ಕಾಲರಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ಹಿಡಿಸುವಷ್ಟು ಇಳಿದುಹೋಗಿದ್ದಾರೆ, ನೀನು ಅವತ್ತೇ ಹೇಳಿದ್ದೆ, ನಾನು ನಕ್ಕೆ, ಈಗ ಅದನ್ನೆಲ್ಲ ಎತ್ತೋದು ಬೇಡ, ಒಂದೇ ಹೇಳು, ಗೊತ್ತಾಯ್ತಾ? ನಿಜ ಹೇಳಿಬಿಡಬೇಕು, ನಿಜ ಹೇಳಿದರೆ ತಂಗಿ ಬದುಕುವುದಿಲ್ಲ, ಇವರೂ, ನಿಜದಿಂದ ಯಾರಿಗೆ ಏನು ಸಿಗುತ್ತದೆ, ಆದರೆ ದಾಖಲೆ ಇರುವುದೇ — ಹತ್ತು ನಿಮಿಷ ಸರ್. ಎರಡನೆಯ ಸಲದ್ದೇ. ನನ್ನ ದನಿ ಎಷ್ಟು ಸಹಜವಾಗಿ ಬಂತು, ಅಸಹ್ಯವಾಯಿತು. ನಿಜವಾಗ್ಲೂ? ನಿಜ ಸರ್. ಅವರು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡರು, ಆಮೇಲೆ ಮೂಗು ಒರೆಸಿಕೊಂಡು, ತಂಗಿಗೆ ಈಗ್ಲೇ ಫೋನ್ ಮಾಡ್ತೀನಿ, ಒಂದಿಷ್ಟು ಗಂಜಿನಾದ್ರೂ ಕುಡೀಲಿ. ಬಾಗಿಲ ತನಕ ಹೋಗಿ ತಿರುಗಿದರು, ನಾಳೆ ಅಮ್ಮನಿಗೂ ಹೇಳ್ತೀನಿ, ತುಂಬಾ ಹೊತ್ತು ಕಾಯಿಸಲಿಲ್ಲಮ್ಮ ಅಂತ.

ಅಮ್ಮನಿಗೆ ಹೇಳುತ್ತಾರಂತೆ, ಅಮ್ಮನಿಗೆ, ಎಷ್ಟು ಹೊತ್ತು ಕಾದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ — ಪ್ರೋಗ್ರಾಮ್ ಇನ್ನೂ ಕೇಳುತ್ತಿದೆ, ಮೊದಲನೆಯದೋ ಎರಡನೆಯದೋ, ಎರಡು ಎಂದು ಒತ್ತಿದರೆ ಮುಗಿಯಿತು, ಆ ಒಂದು ಗಂಟೆ ಎಲ್ಲೂ ಇರುವುದಿಲ್ಲ, ಒಂದು ಎಂದು ಒತ್ತಿದರೆ ಯಾವತ್ತೋ ಅವರೇ ತೆರೆದು ನೋಡುತ್ತಾರೆ, ಗಂಜಿಯಲ್ಲಿ ಆ ಬಿಳಿ ಉಂಡೆ, ಕೆಂಪಿನ ಮೇಲೆ ಬಿಳಿ, ಒತ್ತಬೇಕು, ಯಾವುದನ್ನಾದರೂ ಒತ್ತಬೇಕು, ಕಣ್ಣ ಮುಂದೆ ಆ ಕೆಂಪು ಗುಂಡಿಯ ಮೇಲೆ ಅಮ್ಮನ ಹೆಬ್ಬೆರಳು, ಸೀಳಿದ ಉಗುರು ಬೆಳ್ಳಗಾಗಿದೆ, ಒಂದು ಸಲ ಸಾಕು ಅಮ್ಮಾ, ತೆಗೆಯುತ್ತಿಲ್ಲ, ಹೆಬ್ಬೆರಳು, ತೆಗೆಯುತ್ತಿಲ್ಲ