ಬೈಸಿಕೊಳ್ಳುವ ಪಾಳಿ

ಚನ್ನಗಿರಿಯ ಗುರುಬಸವರಾಜ್ ಮೇಷ್ಟ್ರು ಮೊಬೈಲಿನಲ್ಲಿ ರಾಕ್ಷಸರನ್ನು ಹೊಡೆಯುತ್ತಾರೆ ಅಂದರೆ ಮೊದಮೊದಲು ಯಾರೂ ನಂಬಲಿಲ್ಲ. ಐವತ್ತೆಂಟು ದಾಟಿದ ಮನುಷ್ಯ, ಹೈಸ್ಕೂಲಿನಲ್ಲಿ ಲೆಕ್ಕ ಹೇಳುವವರು, ಎದುರು ಬಂದರೆ ಇಡೀ ಓಣಿ ಬೀಡಿ ಆರಿಸುವಂಥ ಗತ್ತು. ಅಂಥವರು ಸಂಜೆ ಏಳಾಯಿತೆಂದರೆ ಸ್ಪೀಕರ್ ಜೋರು ಮಾಡಿಕೊಂಡು ಆಟಕ್ಕೆ ಕೂತುಬಿಡುತ್ತಿದ್ದರು. ಹೆಂಡತಿ ಹೇಮಾವತಿ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದರು.

ಚಟ ಹತ್ತಿಸಿದವರು ಹಳೇ ಶಿಷ್ಯರೇ. ಹೋದ ವರ್ಷ ಗುರುವಂದನೆ ಇಟ್ಟುಕೊಂಡಿದ್ದರು. ಹಾರ, ಭಾಷಣ ಎಲ್ಲ ಮುಗಿದು ಊಟಕ್ಕೆ ಕಾಯುವಾಗ ಮೂವರು ಮೊಬೈಲಿನಲ್ಲಿ ಮುಳುಗಿದ್ದು ಕಂಡು, “ಅದೇನ್ರೋ ಅದು, ನಂಗೂ ತೋರಿಸ್ರಿ” ಅಂದರು ಮೇಷ್ಟ್ರು. ತೋರಿಸಿದ್ದೇ ತಪ್ಪಾಯಿತು ನೋಡಿ. ಹೊನ್ನಾಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಪ್ರವೀಣ್ ಕುಮಾರ್, ನ್ಯಾಮತಿ ಕಡೆಯ ಸವಳಂಗಕ್ಕೆ ಸೊಸೆಯಾಗಿ ಹೋದ ಗಂಗೋತ್ರಿ, ಜಗಳೂರಿನಲ್ಲಿ ಗಂಡನ ಜೊತೆ ಚಪ್ಪಲಿ ಅಂಗಡಿ ನೋಡಿಕೊಳ್ಳುವ ಮಸರತ್. ಒಬ್ಬೊಬ್ಬರು ಒಂದೊಂದು ಊರಲ್ಲಿ ಕೂತು, ಮಾತಾಡಿಕೊಳ್ಳುತ್ತ ಒಟ್ಟಿಗೆ ಆಡುವ ಆಟ. ತಂಡಕ್ಕೆ ನಾಲ್ವರು ಬೇಕು, ನಾಲ್ಕನೆಯವರು ಮೇಷ್ಟ್ರಾದರು. ಆದ ಮೇಲೆ ಮೇಷ್ಟ್ರು ಮೇಷ್ಟ್ರೇ ಅಲ್ಲವೇ, ಮಾರನೇ ವಾರದಿಂದಲೇ ಮೂವರಿಗೂ ಪಾಠ ಶುರು.

ಆಟದ ಕೊನೆಗೆ ಒಬ್ಬ ದೈತ್ಯ ಬರುತ್ತಾನೆ. ಅವನಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು. ನಾಲಿಗೆ ಹೊರಳದೆ ಇವರು ಘಟೋತ್ಕಚ ಅನ್ನುತ್ತಿದ್ದರು. ಸುಮ್ಮನೆ ಕತ್ತಿ ಬೀಸಿದರೆ ಸಾಯುವ ಪೈಕಿ ಅಲ್ಲ ಅವನು. ನಾಲ್ವರೂ ನಾಲ್ಕು ಮೂಲೆ ಹಿಡಿಯಬೇಕು. ಗದೆ ಎತ್ತಿದಾಗ ಕೂರಬೇಕು, ನೆಲ ಬಿರಿದಾಗ ಜಿಗಿಯಬೇಕು. ಇವೆಲ್ಲ ದಾಟಿದ ಮೇಲೆ ಅವನ ಹೊಟ್ಟೆ ಕೆಂಪಾಗುತ್ತದೆ, ನಾಲ್ವರಲ್ಲಿ ಯಾರೋ ಒಬ್ಬರ ತಲೆಯ ಮೇಲೆ ಬೆಂಕಿ ಹತ್ತುತ್ತದೆ. ಹತ್ತಿದವರು ಉಳಿದವರಿಂದ ದೂರ ಓಡಿಬಿಡಬೇಕು. ಓಡದೆ ನಿಂತರೋ, ಹತ್ತಿರ ಯಾರಾದರೂ ಇದ್ದರೋ, ನಾಲ್ವರೂ ಸುಟ್ಟು ಬೂದಿ. ಮತ್ತೆ ಮೊದಲಿಂದ ಆಡಬೇಕು.

ಮೇಷ್ಟ್ರ ಕೆಲಸ ಗಾಯಗೊಂಡವರಿಗೆ ಮದ್ದು ಕೊಡುವುದು. ಗೆಲ್ಲಲೇಬೇಕು ಅಂತ ಅವರಿಗೆ ಹಟ. ಬೇರೆಯವರ ಜೊತೆ ಅಲ್ಲ, ತಾನು ಕಲಿಸಿದ ಈ ಮೂವರ ಜೊತೆಗೇ ಗೆಲ್ಲಬೇಕು. ರಿಟೈರ್ ಆಗುವ ಮೇಷ್ಟ್ರಿಗೆ ಇನ್ನೇನು ಬೇಕು ಹೇಳಿ, ‘ನಮ್ಮ ಸರ್ ಇದ್ದದ್ದಕ್ಕೆ ಆಯ್ತು’ ಅಂತ ಮಕ್ಕಳ ಬಾಯಲ್ಲಿ ಕೇಳಬೇಕು. ಆದರೆ ತಿಂಗಳುಗಟ್ಟಲೆ ಆಡಿದರೂ ಹೊಟ್ಟೆ ಕೆಂಪಾಗುವ ಹೊತ್ತಿಗೆ ಎಲ್ಲರೂ ಸುಟ್ಟುಹೋಗುತ್ತಿದ್ದರು. ದಿನಕ್ಕೊಬ್ಬರು “ತಪ್ಪು ನಂದೇ ಸರ್” ಅನ್ನುತ್ತಿದ್ದರು. ಮೇಷ್ಟ್ರು ಬೈಯುತ್ತಿದ್ದರು. ಬೈಯುವುದರಲ್ಲಿ ಅವರೇನೂ ಕಡಿಮೆ ಇರಲಿಲ್ಲ.

ಆ ದಿನ ಗಂಗೋತ್ರಿ, “ನಾನೇ ಸರ್, ಲೇಟಾಗಿ ಓಡಿದೆ” ಅಂದಳು.

“ಎಂಟನೇ ಕ್ಲಾಸಲ್ಲಿ ಹೆಂಗಿದ್ದೆಯೋ ಇವತ್ತೂ ಹಂಗೇ ಇದೀಯ. ತಲೇಲಿ ಏನೈತೆ ನಿಂಗೆ, ಮಣ್ಣಾ?” ಅಂದು ಮೇಷ್ಟ್ರು ಮೊಬೈಲನ್ನು ಟೇಬಲ್ಲಿನ ಮೇಲೆ ಕುಕ್ಕಿ ಕೈ ತೊಳೆಯಲು ಎದ್ದರು. ಕಟ್ ಮಾಡಿದೆ ಅಂದುಕೊಂಡಿದ್ದರು. ಮಾಡಿರಲಿಲ್ಲ.

ಕೈ ಒರೆಸಿಕೊಂಡು ಬರುವಾಗ ಟೇಬಲ್ಲಿನಿಂದ ಪ್ರವೀಣನ ದನಿ ಕೇಳಿತು.

“ಸರ್ ಹೋದ್ರು ಅನ್ಸುತ್ತೆ. ನಾಳೆ ಯಾರ ಪಾಳಿ?”

“ನಂದು,” ಅಂದಳು ಮಸರತ್. “ಇವತ್ತು ಪಾಪ ಗಂಗಿಗೆ ಜಾಸ್ತಿನೇ ಬಿತ್ತು.”

“ಬೈಸ್ಕೊಳ್ಳಾಕೆ ನಂಗೇನಿಲ್ಲ ಕಣೆ,” ಗಂಗೋತ್ರಿಯ ದನಿ ಕುಂದಿತ್ತು. “ಸ್ಪೀಕರ್ ಆನ್ ಇತ್ತು, ನಮ್ಮತ್ತೆ ಪಕ್ಕದಲ್ಲೇ ಕೂತಿದ್ರು. ತಲೇಲಿ ಮಣ್ಣು ಅಂದಿದ್ದಕ್ಕೆ ಬಿದ್ದು ಬಿದ್ದು ನಕ್ರು.”

“ಬೆಂಕಿ ಸರ್ ತಲೆ ಮೇಲೆ ಇದ್ರೂ ನಮ್ಮ ಹತ್ರಾನೇ ಓಡಿ ಬರ್ತಾರಲ್ಲೇ. ಮದ್ದು ಕೊಡಾಕೆ ಅಂತ ಬಂದು ಸುಟ್ಟು ಹಾಕ್ತಾರೆ. ಒಂದ್ಸಲ ಹೇಳಿಬಿಡೋಣ್ವಾ?” ಅಂದ ಪ್ರವೀಣ.

“ಹೇಳೋ ಧೈರ್ಯ ಇದ್ರೆ ನೀನೇ ಹೇಳಪ್ಪ,” ಅಂದಳು ಮಸರತ್. “ಬೋರ್ಡ್ ಮೇಲೆ ಲೆಕ್ಕ ತಪ್ಪೈತೆ ಅಂದಿದ್ದಕ್ಕೆ ನಮ್ಮ ಕ್ಲಾಸಿನ ಪರಶುರಾಮನ್ನ ಬಿಸಿಲಲ್ಲಿ ನಿಲ್ಲಿಸಿರ್ಲಿಲ್ವಾ? ಲೆಕ್ಕ ತಪ್ಪೇ ಇತ್ತು. ಆಮೇಲೆ ಯಾರು ಬಾಯಿ ಬಿಟ್ರು? ನಾವೇ ಸರಿ ಮಾಡ್ಕೊಂಡು ಬರ್ಕೊಂತಿದ್ವಿ. ಈಗ್ಲೂ ಅಷ್ಟೇ ಅನ್ಕೋ.”

“ಅದೇನೋ ಸರಿ,” ಅಂದ ಪ್ರವೀಣ. “ನಾಳೆ ಆಟದಲ್ಲಿ ಆ ಕೆಂಪು ನಿಲುವಂಗಿ ಹಾಕ್ಕೊಂಡು ಬಂದ್ಬಿಟ್ಟೀರ, ಹುಷಾರು. ಅದು ಘಟೋತ್ಕಚನ್ನ ಕೊಂದೋರಿಗೆ ಮಾತ್ರ ಸಿಗೋದು. ಸರ್ ಟ್ರೈನಿಂಗಿಗೆ ಹೋದಾಗ ಮಸರತ್ ಯಜಮಾನ್ರನ್ನ ಸೇರಿಸ್ಕೊಂಡು ನಾವು ಹೊಡೆದಾಗೈತೆ ಅಂತ ಗೊತ್ತಾದ್ರೆ ತುಂಬ ನೊಂದ್ಕೊಂತಾರೆ.”

ಆಮೇಲೆ ಅವರು ಯಾರದೋ ಸೀಮಂತದ ಮಾತಿಗೆ ಹೊರಳಿದರು. ಮೇಷ್ಟ್ರು ನಿಂತಲ್ಲೇ ನಿಂತಿದ್ದರು. ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದುಕೊಂಡು ಹೇಮಾವತಿಯೂ ನಿಂತಿದ್ದರು. ಪೂರ್ತಿ ಕೇಳಿಸಿಕೊಂಡಿದ್ದರು.

ಹೆಂಡತಿ ಏನಾದರೂ ಚುಚ್ಚಿ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಆಕೆ ಬಂದು ಮೊಬೈಲ್ ಆಫ್ ಮಾಡಿ, ತಟ್ಟೆ ಇಟ್ಟು, “ರೊಟ್ಟಿ ಆರ್ತಾವೆ, ಕೂತ್ಕೊಳ್ರಿ” ಅಂದರು. ಮೇಷ್ಟ್ರು ರೊಟ್ಟಿ ಮುರಿಯುತ್ತ ಕೂತರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಇನ್ನೊಬ್ಬರ ಎಲೆಯ ನೊಣ ಹುಡುಕಿದ ಅನ್ನುತ್ತಾರಲ್ಲ, ಆ ಮಾತನ್ನು ಅವರೇ ಕ್ಲಾಸಿನಲ್ಲಿ ಎಷ್ಟು ಸಲ ಮಕ್ಕಳಿಗೆ ಹೇಳಿಲ್ಲ! ಆಟ ಹಾಳಾಗಿಹೋಗಲಿ, ಅದಕ್ಕೆ ಯಾರು ಅಳುತ್ತಾರೆ. ಬೋರ್ಡಿನ ಮಾತು ಮಾತ್ರ ಎದೆಗೆ ನೆಟ್ಟಿತ್ತು. ಪರಶುರಾಮನ ಮುಖ ಎಷ್ಟು ನೆನೆಸಿಕೊಂಡರೂ ಅವರಿಗೆ ನೆನಪಾಗಲಿಲ್ಲ. ಅದಕ್ಕೂ ನಾಚಿಕೆಯಾಯಿತು.

ಮಾರನೇ ಸಂಜೆ ಆಟಕ್ಕೆ ಬರುವುದೇ ಬೇಡ ಅಂದುಕೊಂಡವರು ಏಳಕ್ಕೆ ಬಂದು ಕೂತರು. ಒಂದು ಮಾತು ಅವರ ಮನಸ್ಸಿನಲ್ಲಿತ್ತು. ಇವತ್ತು ಈ ಮೂವರಲ್ಲಿ ಒಬ್ಬರಾದರೂ ‘ಸರ್, ತಪ್ಪು ಮಾಡ್ತಿದೀರ’ ಅಂದರೆ ಸಾಕು, ತಾನು ಅಷ್ಟೇನೂ ಕೆಟ್ಟ ಮೇಷ್ಟ್ರಲ್ಲ.

ಗದೆ ಎತ್ತಿದ, ಕೂತರು. ನೆಲ ಬಿರಿಯಿತು, ಜಿಗಿದರು. ಹೊಟ್ಟೆ ಕೆಂಪಾಯಿತು. ಈ ಸಲ ಮೇಷ್ಟ್ರು ಬೇರೆ ಯಾರನ್ನೂ ನೋಡದೆ ತನ್ನ ತಲೆಯನ್ನೇ ನೋಡಿದರು. ಬೆಂಕಿ ಅಲ್ಲೇ ಹತ್ತಿತ್ತು, ಕುರುಡನಿಗೂ ಕಾಣುವಷ್ಟು.

ಅವರು ಓಡಲಿಲ್ಲ, ಯಾರ ಹತ್ತಿರವೂ ಹೋಗಲಿಲ್ಲ. ತಮ್ಮ ಮೂಲೆಯಲ್ಲೇ ನಿಂತು ಕಾದರು. ಮೂರು ಊರಿನಿಂದಲೂ ಸೊಲ್ಲಿಲ್ಲ. ಹೇಳ್ರಪ್ಪ, ಯಾರಾದರೂ ಒಬ್ಬರು ಹೇಳ್ರಪ್ಪ ಅಂತ ಮನಸ್ಸಿನಲ್ಲೇ ಬೇಡಿಕೊಂಡರು. ಅಷ್ಟರಲ್ಲಿ ಎದುರು ಮೂಲೆಯಿಂದ ಮಸರತ್ ಓಡಿ ಬಂದಳು. ದೂರ ಓಡಬೇಕಾದವಳಲ್ಲ, ಹತ್ತಿರ ಬರಬೇಕಾದವಳೂ ಅಲ್ಲ. ನೆಟ್ಟಗೆ ಬಂದು ಮೇಷ್ಟ್ರ ಪಕ್ಕ ಬೆಂಕಿಯೊಳಗೆ ನಿಂತಳು. ನಾಲ್ವರೂ ಸುಟ್ಟುಹೋದರು.

“ಸಾರಿ ಸರ್,” ಅಂದಳು. “ನಾನೇ ಅಡ್ಡ ಬಂದೆ. ತಪ್ಪು ನಂದೇ.”

ಅವಳ ಪಾಳಿ ಅಲ್ಲವೇ ಅವತ್ತು.

“ಇಲ್ಲಮ್ಮ, ಬೆಂಕಿ ನನ್ನ ತಲೆ ಮೇಲಿತ್ತು. ನೋಡ್ಕೊಂಡೇ ನಿಂತಿದ್ದೆ” ಅಂದರು ಮೇಷ್ಟ್ರು.

“ಹಂಗೇನಿಲ್ಲ ಬಿಡ್ರಿ ಸರ್, ನೆಟ್‌ವರ್ಕ್ ಸರಿ ಇರ್ಲಿಲ್ಲ,” ಅಂದ ಪ್ರವೀಣ. “ಹೂಂ ಸರ್, ನಮ್ಮ ಕಡೆನೂ ಸಿಗ್ನಲ್ ಇಲ್ಲ,” ಅಂದಳು ಗಂಗೋತ್ರಿ.

“ನಿನ್ನೆ ನಾನು ಫೋನ್ ಕಟ್ ಮಾಡಿರ್ಲಿಲ್ಲ,” ಅಂದರು ಮೇಷ್ಟ್ರು. “ಎಲ್ಲಾ ಕೇಳಿಸ್ಕೊಂಡೆ. ತಪ್ಪಾಯ್ತು ನಂದು. ಗಂಗೋತ್ರಿ, ನಿಮ್ಮತ್ತೆಯವರ ಮುಂದೆ ಹಂಗಂದೆನಲ್ಲ, ಅದೂ ತಪ್ಪು.”

ಹೊನ್ನಾಳಿಯ ಅಂಗಡಿಯಲ್ಲಿ ಯಾರೋ ಜ್ವರದ ಮಾತ್ರೆ ಕೇಳುತ್ತಿದ್ದುದು ಕೇಳಿಸಿತು, ಪ್ರವೀಣ ಅವರಿಗೂ ಉತ್ತರ ಕೊಡಲಿಲ್ಲ. ಕೊನೆಗೆ ಬಾಯಿ ಬಿಟ್ಟವಳು ಮಸರತ್. ಎರಡು ಮಕ್ಕಳ ತಾಯಿ, ಅಂಗಡಿಯಲ್ಲಿ ಎಂಥೆಂಥ ಗಿರಾಕಿಗಳ ಬಾಯನ್ನೂ ಮುಚ್ಚಿಸುವವಳು, ಕ್ಲಾಸಿನ ಹಿಂದಿನ ಬೆಂಚಿನಿಂದ ಕೇಳುವವಳ ಹಾಗೆ ಮೆಲ್ಲಗೆ ಕೇಳಿದಳು.

“ಸಿಟ್ಟು ಬಂತಾ ಸರ್?”

“ಇಲ್ಲಮ್ಮ,” ಅಂದರು ಮೇಷ್ಟ್ರು.

ಮೂವರೂ ಒಟ್ಟಿಗೆ “ಸರಿ ಸರ್” ಅಂದರು. ಒಬ್ಬರೂ ನಂಬಿರಲಿಲ್ಲ, ಅದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಾಯಿತು.